ದಾನದ ಹಸುವಿನ ಹಲ್ಲು

ಆಟದ ಸ್ಕೋರು ಹೇಳುವ ಹಾಗೆ ಟಿವಿಯವರು ದೇಶಗಳ ಸ್ಕೋರು ಹೇಳತೊಡಗಿ ವರ್ಷ ಕಳೆದಿತ್ತು. ಸಂಜೆಯ ವಾರ್ತೆ ಮುಗಿಯುವ ಹೊತ್ತಿಗೆ ಪರದೆಯ ಮೇಲೆ ಎರಡು ಪಟ್ಟಿ ಬರುತ್ತಿದ್ದವು. ಸಾಂಕ್ರಾಮಿಕದಲ್ಲಿ ಯಾವ ದೇಶದಲ್ಲಿ ಎಷ್ಟು ಜನ ಸತ್ತರು ಎಂಬುದು ಒಂದು, ಯಾವ ದೇಶದಲ್ಲಿ ನೂರಕ್ಕೆ ಎಷ್ಟು ಜನ ಲಸಿಕೆ ಹಾಕಿಸಿಕೊಂಡರು ಎಂಬುದು ಇನ್ನೊಂದು. ತಮ್ಮ ದೇಶವನ್ನು ಹುಡುಕಬೇಕಾದರೆ ಮೊದಲನೆಯದನ್ನು ಮೇಲಿನಿಂದ ಓದಿಕೊಂಡು ಬರಬೇಕು, ಎರಡನೆಯದನ್ನು ಕೆಳಗಿನಿಂದ. ಅತ್ತೆಗೆ ಇದು ಬಾಯಿಪಾಠವಾಗಿತ್ತು.

"ಬಂತು ನೋಡೇ ನಮ್ಮ ರಿಸಲ್ಟು," ಎಂದು ಕಿಟಕಿಯ ಪಕ್ಕದ ಕುರ್ಚಿಯಿಂದಲೇ ಕೂಗುತ್ತಿದ್ದರು. "ಸಾಯೋದ್ರಲ್ಲಿ ಫಸ್ಟ್ ಕ್ಲಾಸು, ಸೂಜಿಯಲ್ಲಿ ಫೇಲು."

ಪಟ್ಟಿ ಹೋದ ಮೇಲೆ ತಜ್ಞರೊಬ್ಬರು ಬರುತ್ತಿದ್ದರು. ಹಿಂದೆ ಪುಸ್ತಕದ ಕಪಾಟು, ಮುಂದೆ ಮಗ್ಗು. ಅವರ ಮಾತು ದಿನವೂ ಒಂದೇ. ಎರಡನೇ ಪಟ್ಟಿಯ ತುದಿಯಲ್ಲಿರುವ ದೇಶದವರು ತಿಳಿವಳಿಕೆಯುಳ್ಳವರು, ಮುಂದೆ ಬಂದು ಹಾಕಿಸಿಕೊಂಡರು. ನಮ್ಮವರಲ್ಲಿ ಹಿಂಜರಿಕೆ. ಸೂಜಿ ಎಂದರೆ ಭಯ, ಮೂಢನಂಬಿಕೆ. ಜನರ ಮನಸ್ಸು ಬದಲಾಗದೆ ಅಂಕಿ ಬದಲಾಗುವುದಿಲ್ಲ.

"ನಾನು ಯಾವತ್ತು ಹಿಂಜರಿದೆ?" ಅತ್ತೆ ಟಿವಿಯನ್ನೇ ಕೇಳುತ್ತಿದ್ದರು. "ಲೇ ಮಗ್ಗಿನವನೇ, ನಾನು ಯಾವತ್ತು ಹಿಂಜರಿದೆ ಹೇಳೋ!" ಅಷ್ಟು ಕೂಗುವಷ್ಟರಲ್ಲಿ ಉಸಿರು ಸಾಲದೆ ಎದೆ ಹಿಡಿದುಕೊಳ್ಳುತ್ತಿದ್ದರು. ಸೊಸೆ ಒಳಗಿನಿಂದ ಓಡಿ ಬಂದು ಬೆನ್ನು ನೀವುತ್ತಿದ್ದಳು.

ಅತ್ತೆ ಮೂವತ್ತು ವರ್ಷ ಸಿಟಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದವರು. ಹಿಂದಿನ ಬಾಗಿಲಲ್ಲಿ ನಿಂತು ಊರಿನ ಡೀಸೆಲ್ ಹೊಗೆಯನ್ನೆಲ್ಲ ಒಬ್ಬರೇ ಕುಡಿದು ಮುಗಿಸಿದ್ದರು ಎನ್ನಬೇಕು. ಪಿಂಚಣಿಯ ಜೊತೆಗೆ ಸಿಕ್ಕಿದ್ದು ತೂತುಬಿದ್ದ ತಿದಿಯಂಥ ಶ್ವಾಸಕೋಶ. ಸಾಂಕ್ರಾಮಿಕ ಶುರುವಾದ ಹೊಸದರಲ್ಲೇ ಆಸ್ಪತ್ರೆಯ ವೈದ್ಯೆ ಸೊಸೆಯನ್ನು ಪಕ್ಕಕ್ಕೆ ಕರೆದು, "ಇವರಿಗೇನಾದ್ರೂ ಈ ಕಾಯಿಲೆ ಬಂದ್ರೆ ನನ್ನ ಕೈಯಲ್ಲಿ ಏನೂ ಇರಲ್ಲ. ಹೇಗಾದ್ರೂ ಮಾಡಿ ಮೊದಲು ಲಸಿಕೆ ಹಾಕ್ಸಿ," ಎಂದಿದ್ದಳು. ಹೇಗಾದರೂ ಮಾಡಿ! ಹೇಳುವವರಿಗೇನು, ಹೇಳಿ ಮುಂದಿನ ರೋಗಿಯನ್ನು ಕರೆದರು.

ಲಸಿಕೆ ಕೊಡುತ್ತಿದ್ದದ್ದು ಕ್ರೀಡಾಂಗಣದ ಟಿಕೆಟ್ ಕಿಟಕಿಯಲ್ಲಿ. ಬೆಳಿಗ್ಗೆ ಹೋಗಿ ಸಾಲಿನಲ್ಲಿ ನಿಂತರೆ ಒಂದು ಟೋಕನ್ ಕೊಡುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಕಿಟಕಿ ತೆರೆದು ಒಂದು ಕೈ ಹೊರಗೆ ಬಂದು "ಸ್ಟಾಕ್ ಇಲ್ಲ" ಎಂಬ ರಟ್ಟನ್ನು ನೇತುಹಾಕಿ ಒಳಗೆ ಹೋಗುತ್ತಿತ್ತು. ಆ ಕೈಯ ಮುಖವನ್ನು ಯಾರೂ ನೋಡಿರಲಿಲ್ಲ. ಸೊಸೆಗೆ ರಜೆಯಿದ್ದ ದಿನವೆಲ್ಲ ಹೀಗೆ ಹೋಗಿ, ಬಂದ ದಾರಿಗೆ ಸುಂಕವಿಲ್ಲ ಎಂದು ಅತ್ತೆ, ಸೊಸೆ ಬಸ್ಸು ಹತ್ತಿ ಮನೆಗೆ ಬರುತ್ತಿದ್ದರು. ಅತ್ತೆ ಆ ಟೋಕನ್‌ಗಳನ್ನು ಎಸೆಯುತ್ತಿರಲಿಲ್ಲ. ಟಿಕೆಟ್ ಹರಿದು ಕೊಟ್ಟ ಮೇಲೆ ಇಳಿಯುವವರೆಗೆ ಜೋಪಾನ ಎಂದು ಮೂವತ್ತು ವರ್ಷ ಜನರಿಗೆ ಹೇಳಿದ ನಾಲಿಗೆ. ರಬ್ಬರ್ ಬ್ಯಾಂಡ್ ಹಾಕಿ ಹಳೇ ಚರ್ಮದ ಚೀಲದಲ್ಲಿ ಇಡುತ್ತಿದ್ದರು. ಕಟ್ಟು ದಪ್ಪವಾಗುತ್ತಾ ಹೋಯಿತು.

ಅದೇ ಸಾಲಿನಲ್ಲಿ ಡ್ರೈವರಣ್ಣನೂ ನಿಲ್ಲುತ್ತಿದ್ದರು. ಅತ್ತೆಯ ಬಸ್ಸನ್ನು ಇಪ್ಪತ್ತು ವರ್ಷ ಓಡಿಸಿದವರು. ಎರಡು ಬೀದಿ ಆಚೆ ಮನೆ. ಇಬ್ಬರೂ ಸಾಲಿನಲ್ಲಿ ನಿಂತು ಹಳೇ ಬಸ್ಸಿನ ಜಗಳಗಳನ್ನು ಹೊಸದಾಗಿ ಆಡುತ್ತಿದ್ದರು. ಒಂದು ವಾರ ಡ್ರೈವರಣ್ಣ ಬರಲಿಲ್ಲ. ಮುಂದಿನ ವಾರ ಅವರು ಮೊದಲ ಪಟ್ಟಿಗೆ ಸೇರಿದ್ದರು. ಎರಡನೇ ಪಟ್ಟಿಗೆ ಸೇರಲು ಎಷ್ಟು ದಿನ ಬಿಸಿಲಿನಲ್ಲಿ ನಿಂತಿದ್ದರು ಎಂಬುದಕ್ಕೆ ಯಾವ ಟಿವಿಯಲ್ಲೂ ಕಾಲಮ್ಮಿರಲಿಲ್ಲ. ಅವತ್ತು ಅತ್ತೆ ಊಟ ಮಾಡಲಿಲ್ಲ, ಬೈಯಲೂ ಇಲ್ಲ. ಅದನ್ನು ನೋಡಿ ಸೊಸೆಗೆ ಹೆದರಿಕೆಯಾಯಿತು.

ಈಗ ಸೊಸೆಯ ವಿಷಯಕ್ಕೆ ಬರೋಣ, ಹೊಟ್ಟೆ ಉರಿಯುವ ಸಂಗತಿ ಇರುವುದು ಅಲ್ಲಿಯೇ. ಅವಳು ಕೆಲಸ ಮಾಡುತ್ತಿದ್ದದ್ದು ಲಸಿಕೆಯ ಕಾರ್ಖಾನೆಯಲ್ಲಿ.

ಊರ ಹೊರಗಿನ ಆ ಕಾರ್ಖಾನೆಗೆ ಹೊರದೇಶದಿಂದ ದೊಡ್ಡ ಡಬ್ಬಗಳಲ್ಲಿ ಔಷಧಿ ಬರುತ್ತಿತ್ತು. ಇಲ್ಲಿ ಅದನ್ನು ಬೆರಳುದ್ದದ ಬಾಟಲಿಗಳಿಗೆ ತುಂಬಿ, ಮುಚ್ಚಳ ಒತ್ತಿ, ವಾಪಸು ಕಳಿಸಬೇಕು. ಸೊಸೆಯದು ತಪಾಸಣೆಯ ಮೇಜು. ಎದುರಿಗೆ ಒಂದು ಕಪ್ಪು ಹಲಗೆ, ಒಂದು ಬಿಳಿ ಹಲಗೆ, ನೆತ್ತಿಯ ಮೇಲೆ ದೀಪ. ಬಾಟಲಿಯನ್ನು ಅಲ್ಲಾಡಿಸಬಾರದು, ಗುಳ್ಳೆ ಏಳುತ್ತದೆ. ಕತ್ತು ಹಿಡಿದು ಮೆಲ್ಲಗೆ ತಲೆಕೆಳಗು ಮಾಡಬೇಕು. ಕಪ್ಪಿನ ಮುಂದೆ ಬಿಳಿ ನಾರು ಕಾಣುತ್ತದೆ, ಬಿಳಿಯ ಮುಂದೆ ಕಪ್ಪು ಕಣ. ಅವಳ ಕಣ್ಣು ತಪ್ಪಿಸಿ ಹೋದ ಕಸವಿಲ್ಲ ಎಂದು ಅಲ್ಲಿ ಅವಳನ್ನು ಎಲ್ಲರೂ ಹದ್ದಿನಕಣ್ಣಿ ಎಂದೇ ಕರೆಯುತ್ತಿದ್ದರು. ಮನೆಯಲ್ಲೂ ಆ ಚಾಳಿ ಬಿಡದೆ, ಕುಡಿಯುವ ನೀರಿನ ಲೋಟವನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಳು. "ನನ್ನ ಸೊಸೆ ನೀರು ಕುಡಿಯೋ ಮುಂಚೆ ಅದಕ್ಕೆ ಇಂಟರ್‌ವ್ಯೂ ಮಾಡ್ತಾಳೆ," ಎಂದು ಅತ್ತೆ ಬಂದವರಿಗೆಲ್ಲ ಹೇಳುತ್ತಿದ್ದರು.

ಪಾಸಾದ ಬಾಟಲಿಗಳನ್ನು ಪುಟ್ಟ ರಟ್ಟಿನ ಪೆಟ್ಟಿಗೆಗೆ ತುಂಬಿ, ಅಂಟು ಪಟ್ಟಿಯ ಮೇಲೆ ಮೇಜಿನ ಮುದ್ರೆ ಒತ್ತಬೇಕು. ನೇರಳೆ ಶಾಯಿಯ ದುಂಡು ಮುದ್ರೆ, ಒಳಗೆ ಮೇಜಿನ ಸಂಖ್ಯೆ. ಹದ್ದಿನಕಣ್ಣಿಯದು ಹನ್ನೊಂದು. ಅವಳ ರಬ್ಬರ್ ಮುದ್ರೆ ಒಮ್ಮೆ ಬಿಸಿ ಯಂತ್ರದ ಮೇಲೆ ಬಿದ್ದು ಅಂಚು ಕರಗಿತ್ತು. ಆದ್ದರಿಂದ ಆ ವೃತ್ತ ಪೂರ್ತಿ ಕೂಡದೆ ಬಲಗಡೆ ಬಾಯಿ ಬಿಟ್ಟುಕೊಂಡಿರುತ್ತಿತ್ತು. ಹೊಸದು ಕೊಡಿ ಎಂದು ಕೇಳಿದ್ದಕ್ಕೆ ಮೇಲ್ವಿಚಾರಕ, "ಯಾಕೆ, ಮುದ್ರೆಗೇನು ಮದುವೆ ಮಾಡ್ಬೇಕಾ?" ಎಂದಿದ್ದ.

ತುಂಬುವವರಿಗೆ, ತಪಾಸಣೆಯವರಿಗೆ ಕಂಪನಿಯೇ ಸೂಜಿ ಹಾಕಿಸಿತ್ತು. ಯಂತ್ರಕ್ಕೆ ಎಣ್ಣೆ ಬಿಟ್ಟ ಹಾಗೆ. ಇಲ್ಲದಿದ್ದರೆ ಕೆಲಸ ನಿಲ್ಲುತ್ತದಲ್ಲ. ಮನೆಯವರಿಗೆ ಇಲ್ಲ. ಡ್ರೈವರಣ್ಣ ಹೋದ ಮಾರನೆಯ ದಿನ ಹದ್ದಿನಕಣ್ಣಿ ಮೇಲ್ವಿಚಾರಕನ ಮುಂದೆ ನಿಂತಳು.

"ಲೇಬಲ್ ಸೊಟ್ಟಗಿದೆ ಅಂತ ದಿನಾ ಎಷ್ಟೊಂದು ಬಾಟಲಿ ಎತ್ತಿಡ್ತೀವಿ. ಒಳಗಿನ ಔಷಧಿಗೆ ಏನೂ ಆಗಿರಲ್ಲ. ಒಂದು ಬಾಟಲಿ ಕೊಡಿ. ನಮ್ಮತ್ತೆಗೂ ಆಗತ್ತೆ, ಇಲ್ಲಿರೋ ಹತ್ತು ಜನರ ಮನೆಯವರಿಗೂ ಆಗತ್ತೆ."

"ಅದು ಸುಡೋಕೆ ಹೋಗತ್ತೆ."

"ಸುಡೋ ಬದಲು ಕೊಡಿ ಅಂತ ತಾನೇ ಕೇಳ್ತಿರೋದು?"

"ಔಷಧಿ ಅವರದು, ಗಾಜು ಅವರದು, ನಮ್ಮದು ತುಂಬೋ ಕೂಲಿ ಅಷ್ಟೆ. ಸುಡಬೇಕು ಅಂತ ಒಪ್ಪಂದದಲ್ಲಿದೆ, ಸುಡ್ತೀವಿ," ಎಂದು ಅವನು ಕೈ ತೊಳೆದುಕೊಂಡ. ಅವನೂ ಕೆಟ್ಟವನೇನಲ್ಲ. ಅವನ ಅಪ್ಪನಿಗೂ ಸೂಜಿಯಾಗಿರಲಿಲ್ಲ.

ಹೀಗೆ, ಬೆಳಗಿನಿಂದ ಸಂಜೆಯವರೆಗೆ ಸಾವಿರಾರು ಜನರ ಪ್ರಾಣವನ್ನು ಬೆರಳಲ್ಲಿ ಹಿಡಿದು ತಿರುಗಿಸಿ ನೋಡುವವಳು ಮನೆಗೆ ಬರಿಗೈಯಲ್ಲಿ ಬರುತ್ತಿದ್ದಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಇವಳಿಗೆ ಆ ತುತ್ತನ್ನು ಕಲಸಿ, ಉಂಡೆ ಕಟ್ಟಿ, ಪಕ್ಕದ ಮನೆಯವರ ಬಾಯಿಗೆ ಇಡುವ ಕೆಲಸ. ಆ ಪಕ್ಕದ ಮನೆಯವರೋ, ಒಂದು ಉಂಡು, ಎರಡು ಉಂಡು, ಮೂರನೆಯದಕ್ಕೆ ಬಾಯಿ ತೆರೆದು ಕುಳಿತಿದ್ದರು. ಸಂಜೆ ಪಟ್ಟಿಯಲ್ಲಿ ಅವರ ಹೆಸರು ಮೇಲೆ ಹೊಳೆಯುತ್ತಿತ್ತು. ಅವರಿಗೆ ತಿಳಿವಳಿಕೆ ಹೆಚ್ಚಂತೆ!

ಹೀಗಿರುವಾಗ ಒಂದು ದಿನ ಟೈ ಕಟ್ಟಿದವನೊಬ್ಬ ಮನೆ ಹುಡುಕಿಕೊಂಡು ಬಂದ. ಆರೋಗ್ಯ ಇಲಾಖೆಯ ಪ್ರಚಾರ ವಿಭಾಗದವನಂತೆ. ಸುದ್ದಿ ಒಳ್ಳೆಯದೇ ಇತ್ತು. ಪಟ್ಟಿಯ ಮೇಲೆ ಹೊಳೆಯುವ ಆ ದೊಡ್ಡ ದೇಶದವರು ಲಸಿಕೆ ದಾನ ಕೊಡುತ್ತಿದ್ದಾರೆ. ಕ್ರೀಡಾಂಗಣದ ಒಳಾಂಗಣದಲ್ಲಿ ಸಮಾರಂಭ. ಅವರ ರಾಯಭಾರಿ ಬರುತ್ತಾರೆ, ನಮ್ಮ ಮಂತ್ರಿ ಬರುತ್ತಾರೆ, ಕ್ಯಾಮೆರಾಗಳು ಬರುತ್ತವೆ. ವೇದಿಕೆಯ ಮೇಲೆ ಮೊದಲ ಸೂಜಿ ಹಾಕಿಸಿಕೊಳ್ಳಲು ಒಬ್ಬ ಹಿರಿಯರು ಬೇಕು. ಜನಸೇವೆ ಮಾಡಿದವರಾದರೆ ಚೆನ್ನ. ಸಾರಿಗೆಯ ಪಿಂಚಣಿದಾರರಲ್ಲಿ ಅತ್ತೆಯ ಫೋಟೊ ಅವರಿಗೆ ಹಿಡಿಸಿತಂತೆ.

"ಹಳೇ ಯೂನಿಫಾರ್ಮ್ ಇದೆಯಾ ಅಮ್ಮಾ? ಅದನ್ನೇ ಹಾಕ್ಕೊಂಡು ಬನ್ನಿ. ಪೀಪಿ ಗೀಪಿ ಎಲ್ಲ ಇರಲಿ. ಕ್ಯಾಮೆರಾಕ್ಕೆ ಚೆನ್ನಾಗಿರತ್ತೆ."

ಸೊಸೆಗೆ ಕಣ್ಣು ತುಂಬಿ ಬಂತು. ಆಮೇಲೆ ಟೈಯವನು ಜೇಬಿನಿಂದ ಒಂದು ಚೀಟಿ ತೆಗೆದ.

"ಸೂಜಿಗೆ ಮುಂಚೆ ಮೈಕಲ್ಲಿ ಎರಡೇ ಎರಡು ಮಾತು ಹೇಳ್ಬೇಕು. 'ನಾನು ಇಷ್ಟು ದಿನ ಲಸಿಕೆಗೆ ಹೆದರಿದ್ದೆ. ಇವತ್ತು ನನ್ನ ಭಯ ಹೋಯಿತು.' ಅಷ್ಟೆ."

"ನಾನು ಹೆದರಿರಲಿಲ್ಲ," ಎಂದರು ಅತ್ತೆ.

"ಗೊತ್ತಮ್ಮಾ. ಆದರೆ ನಿಮ್ಮನ್ನ ನೋಡಿ ಬೇರೆಯವರಿಗೆ ಧೈರ್ಯ ಬರ್ಲಿ ಅಂತ."

"ಬೇರೆಯವರೂ ಹೆದರಿಲ್ಲಪ್ಪ. ನಿಮ್ಮ ಕಿಟಕಿ ಮುಂದೆ ನಿಂತಿದಾರೆ. ಹೋಗಿ ನೋಡು."

ಸೊಸೆ ನಡುವೆ ಬಾಯಿ ಹಾಕಿದಳು. "ಔಷಧಿಗೆ ಅವಧಿ ಎಲ್ಲಿತನಕ ಇದೆ?" ಕಸುಬಿನವಳು, ಅದನ್ನು ಕೇಳದೆ ಇರಲಾರಳು.

ಟೈಯವನು ಗಂಟಲು ಸರಿಮಾಡಿಕೊಂಡ. "ಮೂರು ವಾರ ಇದೆ. ದಾನ ಕೊಟ್ಟ ಹಸುವಿನ ಹಲ್ಲು ಎಣಿಸ್ತಾರೇನಮ್ಮಾ?"

ಎರಡನೇ ಡೋಸಿಗೆ ನಾಲ್ಕು ವಾರವಾದರೂ ಬೇಕು. ಮೂರು ವಾರದ ಹಸು ನಾಲ್ಕನೇ ವಾರ ಹಾಲು ಕೊಡುವುದು ಹೇಗೆ? ಆದರೂ ಅವಳು ನುಂಗಿಕೊಂಡಳು. ಒಂದಾದರೂ ಆಗಲಿ. ಒಂದು ಡೋಸಿದ್ದಿದ್ದರೆ ಡ್ರೈವರಣ್ಣ ಬದುಕುತ್ತಿದ್ದರೋ ಏನೋ.

ಅವನು ಹೋದ ಮೇಲೆ ಮನೆಯಲ್ಲಿ ಕುರುಕ್ಷೇತ್ರವೇ ನಡೆಯಿತು. "ಮೂವತ್ತು ವರ್ಷದಲ್ಲಿ ಕುಡುಕರನ್ನ ಇಳಿಸಿದೀನಿ, ಚಾಕು ತೋರಿಸಿದವನನ್ನ ಇಳಿಸಿದೀನಿ. ಒಂದು ಸೂಜಿಗೆ ಹೆದರಿದೆ ಅಂತ ಊರ ಮುಂದೆ ಹೇಳ್ಬೇಕಾ ನಾನು?" ಎಂದು ಅತ್ತೆ ಕೂಗಿದರು. ಮಗ, ಅಂದರೆ ಹದ್ದಿನಕಣ್ಣಿಯ ಗಂಡ, ಟೈಲ್ಸ್ ಕೆಲಸ ಮುಗಿಸಿ ಸಿಮೆಂಟಿನ ಕೈಯಲ್ಲಿ ಬಂದು, ಅಡಕತ್ತರಿಯ ನಡುವೆ ಸಿಕ್ಕ ಅಡಕೆಯಂತೆ ಇಬ್ಬರ ಮುಖವನ್ನೂ ನೋಡಿ ಸ್ನಾನಕ್ಕೆ ಹೋದವನು ಬಹಳ ಹೊತ್ತು ಹೊರಗೆ ಬರಲಿಲ್ಲ.

"ಎರಡು ಮಾತು ಅತ್ತೆ," ಎಂದಳು ಸೊಸೆ. "ಗಾಳಿಯಲ್ಲಿ ಹೋಗೋ ಮಾತು. ಸೂಜಿ ಮೈಯಲ್ಲಿ ಉಳಿಯತ್ತೆ."

"ಸುಳ್ಳೂ ಉಳಿಯತ್ತೆ ಕಣೇ."

"ಉಳೀಲಿ! ನೀವು ಉಳೀಬೇಕು ನನಗೆ." ಅವಳಿಗೆ ಅಳು ತಡೆಯಲಾಗಲಿಲ್ಲ. "ದಿನಾ ನನ್ನ ಕೈಯಲ್ಲಿ ಎಷ್ಟು ಬಾಟಲಿ ಹೋಗತ್ತೆ ಗೊತ್ತಾ ನಿಮಗೆ? ಒಂದೊಂದು ಬಾಟಲಿ ತಿರುಗಿಸುವಾಗಲೂ ನಿಮ್ಮುಸಿರು ಕೇಳಿಸತ್ತೆ ನನಗೆ. ನನಗೋಸ್ಕರ ಹೇಳಿ."

ಅತ್ತೆ ಅವಳನ್ನೇ ನೋಡಿದರು. ಈ ಸೊಸೆ ಮನೆಗೆ ಬಂದಾಗಿನಿಂದ ಇಬ್ಬರ ನಡುವೆ ಉಪ್ಪಿಗೆ ಜಗಳ, ಹುಳಿಗೆ ಜಗಳ. ಅವಳು ತನಗಾಗಿ ಏನನ್ನೂ ಕೇಳಿದ್ದು ಅತ್ತೆಗೆ ನೆನಪಿರಲಿಲ್ಲ. "ಆಯ್ತು ಬಿಡು," ಎಂದರು. "ಅಳಬೇಡ. ಹೆದರಿದೆ ಅಂತೀನಿ."

ಸಮಾರಂಭದ ದಿನ ಅತ್ತೆ ನೀಲಿ ಕೋಟು ತೊಟ್ಟು, ಚರ್ಮದ ಚೀಲ ಅಡ್ಡ ಹಾಕಿಕೊಂಡು, ಕೊರಳಿಗೆ ಪೀಪಿ ಕಟ್ಟಿಕೊಂಡು ಹೊರಟರು. ಕೋಟು ಭುಜದಲ್ಲಿ ಸಡಿಲವಾಗಿತ್ತು. ಒಳಾಂಗಣದ ಬಾಗಿಲಿಗೆ ಹೋಗಬೇಕಾದರೆ ಟಿಕೆಟ್ ಕಿಟಕಿಯನ್ನು ದಾಟಬೇಕು. ಕಿಟಕಿ ಮುಂದೆ ಎಂದಿನಂತೆ ಸಾಲು. ಆ ಸಾಲು ಕ್ಯಾಮೆರಾಗಳಿಗೆ ಕಾಣದ ಹಾಗೆ ಉದ್ದಕ್ಕೂ ಬಣ್ಣದ ಬಟ್ಟೆ ಕಟ್ಟಿದ್ದರು. ಊರೆಲ್ಲ ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕುವುದನ್ನು ಕೇಳಿದ್ದೇವೆ. ಇವರು ಬಾಗಿಲಿಗೆ ಪರದೆ ಕಟ್ಟುವವರು!

ಒಳಗೆ ತಣ್ಣಗಿತ್ತು. ವೇದಿಕೆಯ ಹಿಂದಿನ ದೊಡ್ಡ ಪರದೆಯ ಮೇಲೆ ಎರಡು ಕಂಬ. ಒಂದು ಸೂರಿನವರೆಗೆ ಬೆಳೆದಿತ್ತು, ಅದು ದಾನಿಗಳ ದೇಶ. ಇನ್ನೊಂದು ನೆಲ ಬಿಟ್ಟು ಗೇಣುದ್ದ ಎದ್ದಿತ್ತು, ಅದು ನಮ್ಮದು. ಎರಡರ ನಡುವೆ ದಪ್ಪ ಅಕ್ಷರದಲ್ಲಿ 'ಹಿಂಜರಿಕೆಯನ್ನು ಗೆಲ್ಲೋಣ' ಎಂದು ಬರೆದಿತ್ತು. ಕಂಬಗಳ ಕೆಳಗೆ, ಮೇಜಿನ ಮೇಲೆ, ಕೆಂಪು ರಿಬ್ಬನ್ ಕಟ್ಟಿದ ರಟ್ಟಿನ ಪೆಟ್ಟಿಗೆಗಳನ್ನು ಗೋಪುರದ ಹಾಗೆ ಜೋಡಿಸಿದ್ದರು.

ಹದ್ದಿನಕಣ್ಣಿ ಮುಂದಿನ ಸಾಲಿನಲ್ಲಿ ಕೂತಿದ್ದಳು. ಪೆಟ್ಟಿಗೆಯ ಅಳತೆ ಅವಳಿಗೆ ಪರಿಚಯದ್ದೇ ಅನ್ನಿಸಿತು. ಎಲ್ಲ ಪೆಟ್ಟಿಗೆಯೂ ಹೀಗೇ ಇರುತ್ತವೇನೋ ಎಂದುಕೊಂಡಳು. ದಾನಿಗಳ ದೇಶದ ಬಾವುಟದ ಸ್ಟಿಕ್ಕರನ್ನು ಪ್ರತಿಯೊಂದರ ಅಂಟು ಪಟ್ಟಿಯ ಮೇಲೆ ಅಂಟಿಸಿದ್ದರು. ಮೇಲಿನಿಂದ ಎರಡನೆಯ ಪೆಟ್ಟಿಗೆಗೆ ಅಂಟಿಸಿದವನ ಕೈ ಸ್ವಲ್ಪ ಜಾರಿತ್ತು. ಸ್ಟಿಕ್ಕರಿನ ಅಂಚಿನಿಂದ ನೇರಳೆ ಬಣ್ಣದ ಅರ್ಧ ವೃತ್ತ ಇಣುಕುತ್ತಿತ್ತು. ಬಲಗಡೆ ಬಾಯಿ ಬಿಟ್ಟ ವೃತ್ತ.

ಅವಳು ಕುರ್ಚಿಯ ಅಂಚಿಗೆ ಸರಿದಳು. ತಾನು ಒತ್ತಿದ ಮುದ್ರೆ. ತನ್ನ ಮೇಜಿನ ಪೆಟ್ಟಿಗೆ. ಇಲ್ಲಿಂದ ವಿಮಾನ ಹತ್ತಿ, ಸಮುದ್ರ ದಾಟಿ, ಅಲ್ಲಿಯವರು ತಿಂದು ತೇಗಿ ಬಿಟ್ಟ ಮೇಲೆ, ಹಳಸುವ ಹೊತ್ತಿಗೆ ಬಾವುಟ ಅಂಟಿಸಿಕೊಂಡು ದಾನವಾಗಿ ಬಂದಿದೆ. ಅವಳು ಇದನ್ನು ಮುಟ್ಟಿ ಕಳಿಸಿದ ದಿನ ಡ್ರೈವರಣ್ಣ ಬದುಕಿದ್ದರು, ಈ ಗೋಡೆಯ ಆಚೆ, ಬಿಸಿಲಿನಲ್ಲಿ, ಟೋಕನ್ ಹಿಡಿದು ನಿಂತಿದ್ದರು.

ಎದ್ದು ಕೂಗಬೇಕು ಎನ್ನಿಸಿತು. ಅಷ್ಟರಲ್ಲಿ ವೇದಿಕೆಯ ಮೇಲೆ ಟೈಯವನು ಅತ್ತೆಯನ್ನು ಮೈಕಿನ ಬಳಿಗೆ ಕರೆತಂದ. ಮಾತು ಮೊದಲು, ಸೂಜಿ ಆಮೇಲೆ. ಸುಮ್ಮನೆ ಹಾಗಿಟ್ಟಿರಲಿಲ್ಲ ಅವರು. ಈಗ ಬಾಯಿ ತೆರೆದರೆ ಸೂಜಿ ಹೋಯಿತು. ಬಿಸಿ ತುಪ್ಪ ಬಾಯಲ್ಲಿ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಅತ್ತೆ ಮೈಕಿನ ಮುಂದೆ ನಿಂತರು. ಕಣ್ಣು ಸೊಸೆಯನ್ನು ಹುಡುಕಿತು. ಬೇಡ ಎಂದು ಅವಳು ತಲೆಯಾಡಿಸಿದ್ದರೆ ಆ ಕ್ಷಣವೇ ಅವರು ಇಳಿದು ಬರುತ್ತಿದ್ದರು. ಹದ್ದಿನಕಣ್ಣಿ ಹಲ್ಲು ಕಚ್ಚಿಕೊಂಡು, ಹೇಳಿ ಎಂಬಂತೆ ತಲೆಯಾಡಿಸಿದಳು.

"ನಾನು ಇಷ್ಟು ದಿನ ಲಸಿಕೆಗೆ ಹೆದರಿದ್ದೆ," ಎಂದರು ಅತ್ತೆ. "ಇವತ್ತು ನನ್ನ ಭಯ ಹೋಯಿತು."

ಚಪ್ಪಾಳೆಯೋ ಚಪ್ಪಾಳೆ. ರಾಯಭಾರಿ ಅತ್ತೆಯ ಭುಜ ತಟ್ಟಿದರು. ಮಂತ್ರಿ ಕ್ಯಾಮೆರಾದ ಕಡೆಗೆ ತಿರುಗಿ ಚಪ್ಪಾಳೆ ತಟ್ಟಿದರು. ನರ್ಸ್ ಕೋಟಿನ ತೋಳು ಸರಿಸಿ ಸೂಜಿ ಚುಚ್ಚಿ, ಹತ್ತಿ ಒತ್ತಿದಳು. ಸೂಜಿ ಹೊರಗೆ ಬಂದದ್ದನ್ನು ಕಣ್ಣಾರೆ ನೋಡಿದ ಮೇಲೆಯೇ ಹದ್ದಿನಕಣ್ಣಿ ಎದ್ದದ್ದು.

ಮೆಟ್ಟಿಲೇರಿದವಳು ಯಾರು ಎತ್ತ ಎಂದು ಯಾರೂ ಕೇಳಲಿಲ್ಲ, ಅಜ್ಜಿಯ ಕಡೆಯವಳೆಂದು ದಾರಿ ಬಿಟ್ಟರು. ಅವಳು ನೇರ ಗೋಪುರದ ಬಳಿಗೆ ಹೋಗಿ ಆ ಪೆಟ್ಟಿಗೆಯನ್ನು ಎಳೆದುಕೊಂಡು, ಉಗುರಿನಿಂದ ಸ್ಟಿಕ್ಕರ್ ಕೆರೆದಳು.

"ಅತ್ತೆ, ಇದು ನನ್ನ ಮೇಜಿಂದು. ನೋಡಿ, ಹನ್ನೊಂದು. ನಾನೇ ಒತ್ತಿ ಕಳಿಸಿದ್ದು. ನಮ್ಮೂರಿಂದಲೇ ಹೋಗಿದ್ದು ಇದು!"

ಟೈಯವನು ಓಡಿ ಬಂದು ಅವಳ ಮೊಣಕೈ ಹಿಡಿದ. "ಅಮ್ಮಾ, ಕೆಳಗಿಳೀರಿ. ದಾನ ಕೊಟ್ಟಿದ್ದನ್ನ ಹೀಗೆಲ್ಲ..."

"ಯಾರು ಯಾರಿಗ್ರೀ ದಾನ ಕೊಟ್ಟಿದ್ದು? ಹಸು ನಮ್ಮ ಕೊಟ್ಟಿಗೇದು! ಹಲ್ಲು ನಾನೇ ಎಣಿಸಿ ಕಳಿಸಿದ್ದು! ಎಳೇ ಹಸು ಹೋಯ್ತು, ಹಾಲೆಲ್ಲ ಕರಕೊಂಡು ಮುದಿ ಹಸು ವಾಪಸ್ ಕೊಟ್ಟು, ಈಗ ನಮಗೆ ಹಾಲಂದ್ರೆ ಭಯ ಅಂತೀರಾ?"

ಅವಳ ಮಾತು ಮೂರನೇ ಸಾಲಿನಾಚೆ ಕೇಳಿಸಲಿಲ್ಲ, ಏಕೆಂದರೆ ಯಾರೋ ವಾದ್ಯದವರಿಗೆ ಸನ್ನೆ ಮಾಡಿದ್ದರು. ಸಂಗೀತ ಏರಿತು. ಆಗ ಅತ್ತೆ ಹತ್ತಿ ಒತ್ತಿಕೊಂಡಿದ್ದ ಕೈಯನ್ನು ಬಿಟ್ಟು, ಪೀಪಿಯನ್ನು ಬಾಯಿಗಿಟ್ಟು ಊದಿದರು.

ಒಂದೇ ಉದ್ದ ಸೀಟಿ. ಎರಡು ಊದಿದರೆ ಹೊರಡು ಎಂದು, ಒಂದು ಊದಿದರೆ ನಿಲ್ಲು ಎಂದು. ಅದನ್ನು ಕೇಳಿದರೆ ಬಸ್ಸೇ ನಿಲ್ಲುತ್ತಿತ್ತು, ವಾದ್ಯದವರು ಯಾವ ಲೆಕ್ಕ? ಎಲ್ಲ ನಿಂತಿತು. ಆ ತೂತು ತಿದಿಯಲ್ಲಿ ಅಷ್ಟು ಗಾಳಿ ಎಲ್ಲಿ ಉಳಿದಿತ್ತೋ. ಅತ್ತೆ ಮೈಕಿನತ್ತ ಬಗ್ಗಿದರು, ಉಸಿರಿಗೆ ಒಂದೊಂದೇ ಮಾತು.

"ಆಗ ಹೇಳಿದ್ದು ಸುಳ್ಳು. ನಾನು ಹೆದರಿರಲಿಲ್ಲ." ಚೀಲದಿಂದ ಟೋಕನ್ನಿನ ಕಟ್ಟು ತೆಗೆದು ರಾಯಭಾರಿಯ ಕೈಗೆ ಕೊಟ್ಟರು. ಆತ ಅಭ್ಯಾಸಬಲದಿಂದ ತೆಗೆದುಕೊಂಡು ನಕ್ಕ. "ಚಿಲ್ಲರೆ ಹಿಡ್ಕೊಂಡು ಸ್ಟಾಪಲ್ಲಿ ನಿಂತವರನ್ನ ಬಿಟ್ಟು ಖಾಲಿ ಬಸ್ಸು ಓಡಿಸ್ಕೊಂಡು ಹೋದವರನ್ನ ನೋಡಿದೀನಿ. ಆದ್ರೆ, ಅವರು ಹತ್ತೋಕೆ ಹೆದರಿದ್ರು ಅಂತ ಡಿಪೋಗೆ ಹೋಗಿ ಹೇಳೋರನ್ನ... ಇವತ್ತೇ ನೋಡಿದ್ದು."

ಮುಂದಿನದಕ್ಕೆ ಉಸಿರು ಸಾಲಲಿಲ್ಲ. ಸೊಸೆ ಬಂದು ತಬ್ಬಿ ಹಿಡಿದಳು. ಹಿಂದಿನ ಸಾಲುಗಳಲ್ಲಿ ಯಾರೋ ಚಪ್ಪಾಳೆ ತಟ್ಟಿದರು, ಮಂತ್ರಿ ಕೈಗಡಿಯಾರ ನೋಡಿಕೊಂಡರು. ಇಬ್ಬರನ್ನೂ ಗೌರವದಿಂದಲೇ ಹಿಂಬಾಗಿಲಿಂದ ಇಳಿಸಿ, ರಿಕ್ಷಾ ಹತ್ತಿಸಿ ಕಳಿಸಿದರು.

ರಿಕ್ಷಾದಲ್ಲಿ ಇಬ್ಬರಿಗೂ ನಗು ತಡೆಯಲಾಗಲಿಲ್ಲ. "ಆ ಟೈಯವನ ಮುಖ ನೋಡಿದ್ಯಾ?" ಎಂದು ಅತ್ತೆ ಕೆಮ್ಮುತ್ತಲೇ ನಕ್ಕರು. ಸೂಜಿಯೂ ಆಯಿತು, ಮಾತೂ ಆಯಿತು. ಸಂಜೆ ಗಂಡನನ್ನೂ ಕೂರಿಸಿಕೊಂಡು ಮೂವರೂ ಟಿವಿಯ ಮುಂದೆ ಕುಳಿತರು.

ಮೊದಲ ಪಟ್ಟಿ ಬಂತು, ಎರಡನೆಯದು ಬಂತು. ಆಮೇಲೆ ಅತ್ತೆ ಬಂದರು. ನೀಲಿ ಕೋಟು, ಕೊರಳಲ್ಲಿ ಪೀಪಿ. "ನಾನು ಇಷ್ಟು ದಿನ ಲಸಿಕೆಗೆ ಹೆದರಿದ್ದೆ. ಇವತ್ತು ನನ್ನ ಭಯ ಹೋಯಿತು." ಚಪ್ಪಾಳೆ. ಅಷ್ಟಕ್ಕೆ ಕತ್ತರಿ. ಮಗ್ಗಿನ ತಜ್ಞರು ಕಾಣಿಸಿಕೊಂಡು, "ನೋಡಿ, ಇದನ್ನೇ ನಾನು ಹೇಳುತ್ತಾ ಬಂದದ್ದು," ಎಂದರು. ಮಾರನೆಯ ದಿನವೂ ಅದೇ. ವಾರ ಕಳೆಯುವಷ್ಟರಲ್ಲಿ ಪರದೇಶದ ಚಾನೆಲ್ಲುಗಳಲ್ಲೂ ಅತ್ತೆ ಯಾವುದೋ ಭಾಷೆಯ ಅಕ್ಷರಗಳ ಮೇಲೆ ನಿಂತು ಹೆದರುತ್ತಿದ್ದರು. ಎರಡು ಕಂಬಗಳ ಅಂತರಕ್ಕೆ ಕಾರಣ ಕೇಳಿದವರಿಗೆಲ್ಲ ತೋರಿಸಲು ಒಂದು ಮುಖ ಸಿಕ್ಕಿತ್ತು.

ಹದ್ದಿನಕಣ್ಣಿ ಟಿವಿ ಆರಿಸಲು ಎದ್ದರೆ ಅತ್ತೆ ಬಿಡುತ್ತಿರಲಿಲ್ಲ. ಸುಮ್ಮನೆ ನೋಡುತ್ತಿದ್ದರು. ಉಳಿಯತ್ತೆ ಎಂದು ನಾನು ಅವತ್ತೇ ಹೇಳಲಿಲ್ಲವಾ ಎಂದು ಒಮ್ಮೆಯಾದರೂ ಕೇಳಿದ್ದರೆ ಅವಳಿಗೆ ಹಗುರವಾಗುತ್ತಿತ್ತು. ಅವರು ಕೇಳಲಿಲ್ಲ. ಹೇಳಿಸಿದವಳು ನಾನೇ, ತಲೆಯಾಡಿಸಿದವಳೂ ನಾನೇ ಎಂಬುದು ಅವಳ ಎದೆಯಲ್ಲಿ ಮುಳ್ಳಾಗಿ ಕೂತಿತು.

ದಾನದ ಪೆಟ್ಟಿಗೆಗಳ ಗತಿಯನ್ನೂ ಹೇಳಿಬಿಡಬೇಕು. ಪ್ರತಿ ಊರಿಗೂ ಒಂದೊಂದು ವೇದಿಕೆ ಬೇಕಾಯಿತು, ಒಂದೊಂದು ರಿಬ್ಬನ್ ಬೇಕಾಯಿತು, ಮಂತ್ರಿಗಳಿಗೆ ಬಿಡುವಾಗಬೇಕಾಯಿತು. ಅಷ್ಟರಲ್ಲಿ 'ಮೂರು ವಾರ' ಮುಗಿಯಿತು. ಅರ್ಧಕ್ಕರ್ಧ ಬಾಟಲಿಗಳು ಮುಚ್ಚಳ ತೆರೆಯದೆ ಹಳಸಿದವು. ಅವನ್ನು ಸುಡುವಂಥ ದೊಡ್ಡ ಕುಲುಮೆ ಇಡೀ ಊರಿನಲ್ಲಿ ಇದ್ದದ್ದು ಒಂದೇ ಕಡೆ, ಹದ್ದಿನಕಣ್ಣಿಯ ಕಾರ್ಖಾನೆಯ ಹಿಂಬದಿಯಲ್ಲಿ. ಅವಳನ್ನು ಕೆಲಸದಿಂದ ತೆಗೆದಿರಲಿಲ್ಲ. ಶಿಕ್ಷೆ ಎಂದೂ ಯಾರೂ ಅನ್ನಲಿಲ್ಲ. "ಸ್ವಲ್ಪ ದಿನ ವಿಭಾಗ ಬದಲಾವಣೆ," ಎಂದ ಮೇಲ್ವಿಚಾರಕ, ಅವಳ ಕಣ್ಣು ತಪ್ಪಿಸಿ. ಬಾಯಿ ಬಿಟ್ಟ ವೃತ್ತದ ಪೆಟ್ಟಿಗೆಗಳು ಬಂದಾಗ ಕುಲುಮೆಯ ಬಾಗಿಲಲ್ಲಿ ನಿಂತಿದ್ದವಳು ಅವಳೇ. ಒಂದೊಂದನ್ನೂ ಅವಳ ಕೈಯಿಂದಲೇ ಬೆಂಕಿಗೆ ಹಾಕಿಸಿದರು. ಆ ಸಂಜೆ ಟಿವಿಯಲ್ಲಿ ಹೊಸದೊಂದು ಪಟ್ಟಿ ಬಂತು: ಯಾವ ದೇಶದಲ್ಲಿ ಎಷ್ಟು ಲಸಿಕೆ ವ್ಯರ್ಥವಾಯಿತು ಎಂದು. ಕಾರಣವನ್ನು ಅದೇ ಹಳೇ ತುಣುಕು ಹಾಕಿ ಅತ್ತೆಯ ಬಾಯಿಂದಲೇ ಹೇಳಿಸಿದರು.

ಎರಡನೇ ಡೋಸಿನ ದಿನ ಬಂತು. ಅತ್ತೆ ನೀಲಿ ಕೋಟನ್ನೇ ಹಾಕಿಕೊಂಡರು. "ಯಾಕೆ ಅತ್ತೆ, ಜನ ಗುರುತು ಹಿಡೀತಾರೆ," ಎಂದಳು ಸೊಸೆ. "ಹಿಡೀಲಿ," ಎಂದರು.

ಕಿಟಕಿಯ ಮುಂದಿನ ಬಣ್ಣದ ಬಟ್ಟೆಯನ್ನು ಬಿಚ್ಚಿಕೊಂಡು ಹೋಗಿದ್ದರು. ಸಾಲು ಕ್ರೀಡಾಂಗಣವನ್ನು ಅರ್ಧ ಸುತ್ತಿ ಬಸ್ ನಿಲ್ದಾಣದವರೆಗೆ ಬಂದಿತ್ತು. ಊರುಗೋಲಿನವರು, ಕಂಕುಳ ಕೂಸಿನವರು, ಕೆಲಸಕ್ಕೆ ರಜೆ ಹಾಕಿ ಬಂದವರು. ಇಬ್ಬರೂ ಟೋಕನ್ ತೆಗೆದುಕೊಂಡು ಕೊನೆಗೆ ನಿಂತರು. ಮುಂದೆ ನಿಂತಿದ್ದ ಪೇಂಟರೊಬ್ಬ, ಕೈತುಂಬ ಸುಣ್ಣದ ಕಲೆ, ಹಿಂತಿರುಗಿ ನೋಡಿ ಕಣ್ಣರಳಿಸಿದ.

"ಟಿವಿಯಲ್ಲಿ ಬರೋ ಅಜ್ಜಿ ಅಲ್ವಾ ನೀವು? ಹೆದರಿದ ಅಜ್ಜಿ! ಈಗ ಹೆದರಿಕೆ ಹೋಯ್ತಾ ಅಜ್ಜಿ?"

ಅವನ ದನಿಯಲ್ಲಿ ಕೊಂಕಿರಲಿಲ್ಲ, ಪ್ರೀತಿಯಿಂದಲೇ ಕೇಳಿದ್ದ. ಹದ್ದಿನಕಣ್ಣಿಗೆ ನೆಲ ಬಾಯಿಬಿಡಬಾರದೇ ಎನ್ನಿಸಿತು. "ಅವರು ಹೆದರಿರಲಿಲ್ಲ," ಎಂದಳು ದನಿ ಒಡೆದು. "ನಾನು ಹೇಳಿಸಿದ್ದು. ಸೂಜಿ ಸಿಗಲಿ ಅಂತ ನಾನೇ ಹೇಳಿಸಿದ್ದು."

ಅತ್ತೆ ಅವಳ ಕೈಯನ್ನು ಒಮ್ಮೆ ಹಿಚುಕಿ ಬಿಟ್ಟು, ಪೀಪಿ ಎತ್ತಿಕೊಂಡು ಊದಿದರು. ಒಂದೇ ಸೀಟಿ. ಸಾಲಿಗೆ ಸಾಲೇ ತಿರುಗಿತು.

"ಇಲ್ಲಿ ಸೂಜಿಗೆ ಹೆದರಿದವರು ಯಾರ್ಯಾರಿದೀರಿ?" ಹಳೇ ಕಂಡಕ್ಟರ್ ದನಿ, ತುಂಬಿದ ಬಸ್ಸಿನ ತುದಿಗೆ ಮುಟ್ಟುವಂಥದ್ದು. "ಕೈ ಎತ್ತಿ!"

ಕೈ ಏಳಲಿಲ್ಲ. ಸಾಲಿನ ನಡುವೆ ಯಾರೋ ನಕ್ಕರು. ಕೂಸೊಂದು ಅತ್ತಿತು. ಪೇಂಟರ್ ತನ್ನ ಸುಣ್ಣದ ಕೈಗಳನ್ನು ನೋಡಿಕೊಂಡು ಜೇಬಿಗೆ ಇಳಿಸಿದ. ಆ ಸಾಲಿನ ಚಿತ್ರ ತೆಗೆಯಲು ಅಲ್ಲಿ ಒಂದು ಕ್ಯಾಮೆರಾವೂ ಇರಲಿಲ್ಲ.

ಆ ಹೊತ್ತಿಗೆ ಕಿಟಕಿ ತೆರೆದು ಆ ಕೈ ಹೊರಗೆ ಬಂತು. ರಟ್ಟನ್ನು ನೇತುಹಾಕಿ ಒಳಗೆ ಹೋಯಿತು. ಏನು ಬರೆದಿದೆ ಎಂದು ಓದಲು ಹದ್ದಿನ ಕಣ್ಣು ಬೇಕಿರಲಿಲ್ಲ. ಅತ್ತೆ ಹೊಸ ಟೋಕನ್ನನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡು, ಗೋಡೆಗೆ ಒರಗಿ ನಿಂತರು. ಮುಂದಿನವರು ಯಾರೂ ಕದಲಲಿಲ್ಲ. ಹಿಂದೆ ಇನ್ನೂ ಇಬ್ಬರು ಬಂದು ಸಾಲಿಗೆ ಸೇರಿಕೊಂಡರು.